ಸ್ಟೇಟ್‌ಬ್ಯಾಂಕ್‌ನಿಂದ ಹಂಪನಕಟ್ಟೆಯವರೆಗೆ: ರಸ್ತೆ, ಪಾರ್ಕಿಂಗ್, ಬಸ್ಸು, ನೆರಳು – ಯಾವುದು ಮೊದಲು?

ಬಾವುಟಗುಡ್ಡೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ, ಲೇಡಿಗೋಷನ್ ಆಸ್ಪತ್ರೆ, ಸೆಂಟ್ರಲ್ ಮಾರುಕಟ್ಟೆ, ಗಡಿಯಾರ ಗೋಪುರ, ಹಂಪನಕಟ್ಟೆ, ವೆನ್ಲಾಕ್ ಆಸ್ಪತ್ರೆ, ರೈಲು ನಿಲ್ದಾಣ, ಇನ್ನೊಂದು ಮಗ್ಗುಲಲ್ಲಿ ಜಿ.ಎಚ್.ಎಸ್. ರಸ್ತೆ, ರಥಬೀದಿ, ಬಂದರು. ಮಂಗಳೂರಿನ ಹಳೆಯ ಪೇಟೆ ಎಂದರೆ ಹೆಚ್ಚುಕಡಿಮೆ ಇಷ್ಟೇ. ದಾರಿ ಸರಿಯಿದ್ದರೆ ಕಾಲಿಗೆ ದಣಿವಾಗದ ದೂರ. ಆದರೂ ಪೇಟೆಗೆ ಹೋಗಿ ಬರುವುದೆಂದರೆ ಇಂದು ಅನೇಕರಿಗೆ ಬೇಸರದ ಕೆಲಸವಾಗಿದೆ. ತೀರಾ ಅನಿವಾರ್ಯವಾದರೆ ಮಾತ್ರ ಅತ್ತ ತಲೆಹಾಕುತ್ತಾರೆ.

2016ರ ಸೆಪ್ಟೆಂಬರಿನಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಕೇಂದ್ರ ಯೋಜನೆಯ ಅವಧಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ನಡುವಿನ ವರ್ಷಗಳಲ್ಲಿ ಕೆಲವು ರಸ್ತೆಗಳು ಕಾಂಕ್ರೀಟ್ ಆದವು, ಕೆಲವೆಡೆ ಹೊಸ ಫುಟ್‌ಪಾತ್ ಬಂತು, ಹಿಂದೆ ಕೆಡವಿದ್ದ ಗಡಿಯಾರ ಗೋಪುರ ಅದೇ ಜಾಗದಲ್ಲಿ ಮತ್ತೆ ಎದ್ದು ನಿಂತಿತು. ಆದ ಕೆಲಸವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಇನ್ನು ಮುಂದೆ ಹಣ ಬಂದರೂ ಒಂದೇ ಗಂಟಿನಲ್ಲಿ ಬಾರದೆ ಸ್ವಲ್ಪ ಸ್ವಲ್ಪವಾಗಿ ಬರುವ ಸಂಭವವೇ ಹೆಚ್ಚು. ಆದ್ದರಿಂದ ಯಾವುದನ್ನು ಮೊದಲು ಮಾಡಬೇಕು, ಯಾವುದು ಕಾಯಬಹುದು ಎಂಬುದನ್ನು ಪೇಟೆಯನ್ನು ದಿನವೂ ಬಳಸುವ ನಾವು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ನನ್ನ ಅನುಕ್ರಮವನ್ನು ಮುಂದಿಡುತ್ತೇನೆ. ಮೊದಲನೆಯದು ಫುಟ್‌ಪಾತ್. ಕಾರಿನಲ್ಲಿ ಬಂದವರೂ, ಬಸ್ಸಿನಲ್ಲಿ ಬಂದವರೂ, ರೈಲಿನಲ್ಲಿ ಇಳಿದವರೂ ಕೊನೆಯ ಇನ್ನೂರು ಮೀಟರನ್ನು ನಡೆದೇ ಮುಗಿಸಬೇಕು. ರಸ್ತೆ ನಿರ್ಮಾಣಕ್ಕೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರಡಿಸಿದ ಪಾದಚಾರಿ ಮಾರ್ಗಸೂಚಿ ಯಾವ ಅಡ್ಡಿಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲವನ್ನು ಕೇಳುತ್ತದೆ. ಅಂಗಡಿ ಸಾಲಿನ ಮುಂದೆ ಅದಕ್ಕಿಂತಲೂ ಹೆಚ್ಚು ಬೇಕು ಎನ್ನುತ್ತದೆ. ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ನಮ್ಮಲ್ಲಿ ಅಗಲವಿರುವ ಕಡೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದು ಇಲ್ಲದ ಕಡೆ ಮೆಟ್ಟಿಲಿನಷ್ಟು ಎತ್ತರವಿರುತ್ತದೆ. ಎರಡನೆಯದು ಬಸ್ಸು ಮತ್ತು ತಂಗುದಾಣ. ಮೂರನೆಯದು ಪಾರ್ಕಿಂಗ್. ನಾಲ್ಕನೆಯದು ಗಿಡ, ಮರ, ಆಸನ, ದೀಪಾಲಂಕಾರ. ಇದಕ್ಕೆ ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಜಿ.ಎಚ್.ಎಸ್. ರಸ್ತೆಯ ಅಂಗಡಿ

ಬಾವುಟಗುಡ್ಡೆಯವರೇ, ನಿಮ್ಮ ಅನುಕ್ರಮಕ್ಕೆ ನನ್ನ ಒಪ್ಪಿಗೆಯಿಲ್ಲ. ತಂದೆಯವರ ಕಾಲದಿಂದ ಇದೇ ಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಿರುವವನು ನಾನು. 2020ರಲ್ಲಿ ಕೊರೋನಾ ಬಂದಾಗ ಸೆಂಟ್ರಲ್ ಮಾರುಕಟ್ಟೆಯ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಹೋಯಿತು. ಅದರ ಜೊತೆಗೆ, ತರಕಾರಿಗೆಂದು ಬಂದವರು ಹಾಗೆಯೇ ಒಂದು ಸೀರೆಯನ್ನೂ ನೋಡಿಕೊಂಡು ಹೋಗುವ ರೂಢಿಯೂ ತಪ್ಪಿತು. ಉಳಿದಿರುವವರು ಮದುವೆ ಜವಳಿಗೆಂದು ಮೂಡುಬಿದಿರೆ, ಬಂಟ್ವಾಳ, ಮಂಜೇಶ್ವರ ಕಡೆಗಳಿಂದ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಬರುವ ಗಿರಾಕಿಗಳು. ಅವರು ಎರಡು ಸುತ್ತು ಹೊಡೆದು, ಎಲ್ಲೂ ಜಾಗ ಸಿಗದೆ, ಪಾರ್ಕಿಂಗ್ ಇರುವ ಮಾಲ್‌ಗೆ ಹೋದರೆ ನಾನು ಅವರನ್ನು ದೂರಲಾರೆ.

ಫುಟ್‌ಪಾತ್ ಅಗಲ ಮಾಡುವುದೆಂದರೆ ರಸ್ತೆ ಬದಿಯ ಪಾರ್ಕಿಂಗ್ ತೆಗೆಯುವುದೆಂದೇ ಅರ್ಥ. ಬದಲಿ ಜಾಗ ಕೊಡದೆ ಇದ್ದುದನ್ನು ಕಿತ್ತುಕೊಂಡರೆ ಪೇಟೆ ಚಂದ ಕಾಣಬಹುದು, ಆದರೆ ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಬಹುಮಹಡಿ ಪಾರ್ಕಿಂಗ್ ಮೊದಲು ಬರಲಿ, ಉಳಿದದ್ದು ಆಮೇಲೆ.

ಎರಡನೇ ಪಾಳಿ

ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಪಾರ್ಕಿಂಗ್ ಮಾತಿಗೆ ಮೊದಲು ಒಂದು ವಿಷಯವನ್ನು ತಮ್ಮೆಲ್ಲರ ಗಮನಕ್ಕೆ ತರಬೇಕೆನಿಸಿತು.

ವೆನ್ಲಾಕ್ ಆರಂಭವಾದದ್ದು 1848ರಲ್ಲಿ, ಲೇಡಿಗೋಷನ್ 1849ರಲ್ಲಿ. ಒಂದೂಮುಕ್ಕಾಲು ಶತಮಾನದಿಂದ ಸುಳ್ಯ, ಪುತ್ತೂರು, ಬೆಳ್ತಂಗಡಿ, ಕಾಸರಗೋಡು ಕಡೆಯ ಬಡವರು ಕಾಯಿಲೆಗೂ ಹೆರಿಗೆಗೂ ಬರುತ್ತಿರುವುದು ಈ ಪೇಟೆಗೇ. ಅವರಲ್ಲಿ ಬಹುಪಾಲು ಮಂದಿ ಸರ್ವಿಸ್ ಬಸ್ಸಿನಲ್ಲಿ ಬಂದು ಸ್ಟೇಟ್‌ಬ್ಯಾಂಕ್‌ನಲ್ಲಿ ಇಳಿಯುತ್ತಾರೆ. ತುಂಬು ಬಸುರಿ ಒಂದು ಕೈಯಲ್ಲಿ ಸ್ಕ್ಯಾನಿಂಗ್ ಕಾಗದದ ಚೀಲ ಹಿಡಿದು, ಇನ್ನೊಂದು ಕೈಯನ್ನು ತಾಯಿಯ ಹೆಗಲ ಮೇಲಿಟ್ಟು, ಫುಟ್‌ಪಾತಿನಿಂದ ರಸ್ತೆಗೆ ಇಳಿದು, ನಿಂತ ಸ್ಕೂಟರುಗಳನ್ನು ಬಳಸಿ, ಮತ್ತೆ ಮೇಲೆ ಹತ್ತುವುದನ್ನು ನಾನು ಪ್ರತಿದಿನ ನೋಡುತ್ತೇನೆ. ಮಳೆಗಾಲದಲ್ಲಿ ಕೊಡೆ ಹಿಡಿಯಲು ಆಕೆಗೆ ಮೂರನೇ ಕೈ ಬೇಕು.

ಪಾಳಿ ಮುಗಿಸಿ ನಾವು ಹೊರಡುವಾಗ ರಾತ್ರಿ ಒಂಬತ್ತು ಕಳೆದಿರುತ್ತದೆ. ಅಂಗಡಿಗಳ ಬೆಳಕು ಆರಿದ ಮೇಲೆ ಬೀದಿದೀಪ ಬೆಳಗುವುದು ರಸ್ತೆಯ ನಡುವನ್ನು. ನಾವು ನಡೆಯುವ ಅಂಚು ಕತ್ತಲಾಗಿರುತ್ತದೆ, ಚಪ್ಪಡಿ ಇದೆಯೋ ಇಲ್ಲವೋ ಎಂದು ಮೊಬೈಲ್ ಬೆಳಕಿನಲ್ಲಿ ನೋಡಿಕೊಂಡು ಹೆಜ್ಜೆ ಇಡಬೇಕು. ದೀಪವನ್ನು ಅಲಂಕಾರದ ಪಟ್ಟಿಗೆ ಹಾಕಿ ನಾಲ್ಕನೆಯ ಸ್ಥಾನ ಕೊಟ್ಟಿದ್ದೀರಿ. ನಮ್ಮಂಥವರಿಗೆ ಅದು ಮೊದಲನೆಯ ಸಾಲಿನದು.

ಮುರಕಲ್ಲು

ಸರ್ಕಾರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಬಾವುಟಗುಡ್ಡೆಯವರ ಪಟ್ಟಿಯಲ್ಲಿ ಅತ್ಯಂತ ಮುಖ್ಯವಾದ ಬಾಬತ್ತೇ ಬಿಟ್ಟುಹೋಗಿದೆ. ಅದು ನೀರು.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ; ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಇಲ್ಲಿ ಅಪರೂಪವೇನಲ್ಲ. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಜಾಗದ ಮೇಲೆ ಅಷ್ಟು ಮಳೆ ಬಿದ್ದರೆ 10 ಲಕ್ಷ ಲೀಟರ್ ನೀರಾಗುತ್ತದೆ. ಹಿಂದೆ ಹಿತ್ತಿಲು, ತೋಟ, ಮುರಕಲ್ಲಿನ ನೆಲ ಅದರಲ್ಲಿ ಒಂದಷ್ಟನ್ನು ಹೀರಿಕೊಳ್ಳುತ್ತಿದ್ದವು. ಈಗ ಬಾವುಟಗುಡ್ಡೆ, ಬಲ್ಮಠದ ಎತ್ತರಗಳಲ್ಲಿ ಬಿದ್ದದ್ದೆಲ್ಲ ಕಾಂಕ್ರೀಟ್ ಮೇಲೆ ಜಾರಿ ತಗ್ಗಿಗೆ ಧಾವಿಸುತ್ತದೆ. ಇಳಿಜಾರಿನ ಊರಿನಲ್ಲಿ ರಸ್ತೆ ಮಾಡುವವನು ಮೊದಲು ನೀರಿಗೆ ದಾರಿ ಬಿಡಬೇಕು. ಬಿಡದಿದ್ದರೆ ನೀರು ರಸ್ತೆಯನ್ನೇ ತನ್ನ ದಾರಿ ಮಾಡಿಕೊಳ್ಳುತ್ತದೆ. ಆಗ ಅಂಗಡಿಯವರ ಪಾರ್ಕಿಂಗೂ ಇಲ್ಲ, ಅಕ್ಕನವರ ಫುಟ್‌ಪಾತೂ ಇಲ್ಲ.

ನಮ್ಮ ಫುಟ್‌ಪಾತ್ ಎಂದರೆ ಬಹುತೇಕ ಚರಂಡಿಯ ಮೇಲಿನ ಮುಚ್ಚಳವೇ. ಚರಂಡಿ ತಪ್ಪಿದರೆ ಫುಟ್‌ಪಾತೂ ತಪ್ಪುತ್ತದೆ. ಚಪ್ಪಡಿಯ ಮಟ್ಟ ರಸ್ತೆಯ ಮಟ್ಟಕ್ಕಿಂತ ಅಷ್ಟು ಎತ್ತರಕ್ಕೆ ಹೋಗಿರುವುದೂ ಇದರಿಂದಲೇ: ಹಳೆಯ ಚರಂಡಿಯ ಗೋಡೆಯ ಮೇಲೆ ಹೊಸ ಗೋಡೆ ಏರಿಸುತ್ತಾರೆ, ಹೂಳು ತೆಗೆಯುವ ಬಾಯಿ ಇಡುವುದಿಲ್ಲ, ಮುಂದೆ ಹೂಳು ತುಂಬಿದಾಗ ಚಪ್ಪಡಿ ಒಡೆಯದೆ ಬೇರೆ ದಾರಿಯಿರುವುದಿಲ್ಲ. ಒಡೆದ ಚಪ್ಪಡಿಯನ್ನು ಮರಳಿ ಕೂರಿಸುವವರಿಲ್ಲ.

ಹಾಗಾಗಿ ರಸ್ತೆ, ಪಾರ್ಕಿಂಗ್, ಬಸ್ಸು, ಗಿಡ ಎಂದು ನಾಲ್ಕು ಕೆಲಸಗಳನ್ನು ಒಂದರ ಹಿಂದೆ ಒಂದು ಇಡುವ ಕ್ರಮವೇ ಸರಿಯಲ್ಲವೆಂದು ನನ್ನ ಅನುಭವ. ಕಡತದಲ್ಲಿ ಅವು ನಾಲ್ಕು ಬಾಬತ್ತುಗಳು, ನೆಲದ ಮೇಲೆ ಒಂದೇ ಬೀದಿ. ಒಂದು ಬೀದಿಯನ್ನು ಹಿಡಿದರೆ ಆಳದಿಂದ ಮೇಲಕ್ಕೆ ಬರಬೇಕು. ಎಲ್ಲಕ್ಕಿಂತ ಕೆಳಗೆ ಒಳಚರಂಡಿ, ಬಳಿಕ ಮಳೆನೀರಿನ ಚರಂಡಿ, ಕುಡಿಯುವ ನೀರಿನ ಕೊಳವೆ, ಅಡುಗೆ ಅನಿಲದ ಕೊಳವೆ, ವಿದ್ಯುತ್ ಮತ್ತು ಫೋನ್ ತಂತಿಗಳಿಗೆ ಒಂದು ನಾಳ, ಆಮೇಲೆ ಅಂಚುಕಲ್ಲು, ಫುಟ್‌ಪಾತ್, ಕಟ್ಟಕಡೆಗೆ ಡಾಂಬರು ಅಥವಾ ಕಾಂಕ್ರೀಟ್. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಮರುನಿರ್ಮಿಸಿದ ರಸ್ತೆಗಳಲ್ಲಿ ಮಾಡಿದ್ದೂ ಇದನ್ನೇ. ಅವು ದುಬಾರಿಯಾದವು, ತಡವೂ ಆದವು, ಸುತ್ತಲಿನ ಅಂಗಡಿಯವರು ಬಹಳ ಕಷ್ಟಪಟ್ಟರು. ಆದರೆ ಮುಗಿದ ಮೇಲೆ ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ನಡೆದು ನೋಡಿದವರಿಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ.

ಇನ್ನೊಂದು ಮಾತು, ಪಂಚಾಂಗದ ಬಗ್ಗೆ. ನಮ್ಮಲ್ಲಿ ಅಗೆಯಲು ಯೋಗ್ಯವಾದ ಕಾಲ ಅಕ್ಟೋಬರಿನಿಂದ ಮೇ ತನಕ. ಅದರಲ್ಲಿ ದಸರಾ ಮೆರವಣಿಗೆ, ದೀಪಾವಳಿಯ ವ್ಯಾಪಾರ, ಕ್ರಿಸ್‌ಮಸ್, ರಥಸಪ್ತಮಿಯ ಕೊಡಿಯಾಲ ತೇರು ಎಲ್ಲವೂ ಬರುತ್ತವೆ. ಈ ದಿನಗಳನ್ನು ಕಳೆದು ಲೆಕ್ಕ ಹಾಕಿದರೆ ಒಂದು ಹಂಗಾಮಿನಲ್ಲಿ ಮುಗಿಸಲಾಗುವಷ್ಟು ಉದ್ದವನ್ನು ಮಾತ್ರ ಕೈಗೆತ್ತಿಕೊಳ್ಳಬೇಕು. ಆರು ರಸ್ತೆಗಳನ್ನು ಏಕಕಾಲಕ್ಕೆ ಅಗೆದು, ಮೇ ಕೊನೆಯಲ್ಲಿ ಜಲ್ಲಿ ತುಂಬಿಸಿ ಓಡುವುದಕ್ಕಿಂತ 400 ಮೀಟರನ್ನು ಪೂರ್ತಿ ಮಾಡುವುದು ಮೇಲು.

ಕಿಟಕಿ ಪಕ್ಕ

ನಾನು ಸುರತ್ಕಲ್‌ನಿಂದ ದಿನವೂ ಸಿಟಿ ಬಸ್ಸಿನಲ್ಲಿ ಬರುವ ಕಾಲೇಜು ಅಧ್ಯಾಪಕಿ. ಇಂಜಿನಿಯರ್ ಸರ್ ಹೇಳಿದ್ದಕ್ಕೆ ಎದುರಾಡುವ ತಿಳಿವಳಿಕೆ ನನಗಿಲ್ಲ. ಆದರೆ ಹಾರೆ ಪಿಕಾಸಿ ಬೇಡದ ಸುಧಾರಣೆಗಳೂ ಇವೆ, ಅವಕ್ಕೆ ಅಕ್ಟೋಬರ್ ತನಕ ಕಾಯಬೇಕಾಗಿಲ್ಲ.

ನಮ್ಮೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಕೆಎಸ್‌ಆರ್‌ಟಿಸಿಯ ನರ್ಮ್ (ಕೇಂದ್ರದ ನಗರ ನವೀಕರಣ ಯೋಜನೆಯ) ಬಸ್ಸುಗಳು ಕೆಲವು ಮಾರ್ಗಗಳಲ್ಲಿ ಮಾತ್ರ. ಆದ್ದರಿಂದಲೇ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ರಾಜ್ಯದ ಬೇರೆ ಊರುಗಳ ಹೆಂಗಸರಿಗೆ ಸಿಕ್ಕಷ್ಟು ಪ್ರಯೋಜನ ಇಲ್ಲಿನವರಿಗೆ ಸಿಗಲಿಲ್ಲ. ಖಾಸಗಿ ಬಸ್ಸಿನವರನ್ನು ನಾನು ದೂಷಿಸುವುದಿಲ್ಲ; ದಶಕಗಳಿಂದ ಈ ಊರನ್ನು ಓಡಾಡಿಸಿದವರು ಅವರೇ. ಆದರೆ ಬಹುತೇಕ ಎಲ್ಲ ಮಾರ್ಗಗಳೂ ಸ್ಟೇಟ್‌ಬ್ಯಾಂಕ್‌ನಲ್ಲೇ ಕೊನೆಗೊಳ್ಳಬೇಕೇ? ಉತ್ತರದಿಂದ ಬಂದ ಬಸ್ಸು ಅಲ್ಲಿ ಖಾಲಿಯಾಗಿ ಸರದಿಗಾಗಿ ನಿಲ್ಲುತ್ತದೆ, ದಕ್ಷಿಣದಿಂದ ಬಂದದ್ದೂ ಹಾಗೆಯೇ ನಿಲ್ಲುತ್ತದೆ. ಸುರತ್ಕಲ್‌ನಿಂದ ತೊಕ್ಕೊಟ್ಟಿಗೆ ಹೋಗುವವಳು ಇಳಿದು ಇನ್ನೊಂದು ಬಸ್ಸು ಹುಡುಕಬೇಕು. ಕೆಲವು ಮಾರ್ಗಗಳನ್ನಾದರೂ ಜೋಡಿಸಿ, ಬಸ್ಸು ಪೇಟೆಯೊಳಗೆ ಬಂದು ನಿಲ್ಲದೆ ಹಾದುಹೋಗುವಂತೆ ಮಾಡಿದರೆ ನಿಲ್ದಾಣದ ಮೇಲಿನ ಒತ್ತಡ ತಾನಾಗಿಯೇ ಇಳಿಯುತ್ತದೆ. ಪರವಾನಿಗೆ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಇದಕ್ಕೆ ಬೇಕಾದದ್ದು ಸಿಮೆಂಟಲ್ಲ, ಸಭೆಯ ತೀರ್ಮಾನ.

ಹಂಪನಕಟ್ಟೆಯ ಸಿಗ್ನಲ್ ಬಳಿ ಬಸ್ಸು ನಿಲ್ಲುವುದು ಜನ ಇರುವ ಕಡೆ, ಜನ ಇರುವುದು ನೆರಳು ಇರುವ ಕಡೆ. ತಂಗುದಾಣವನ್ನು ಬೇರೆಲ್ಲೋ ಕಟ್ಟಿ ಜನರನ್ನು ಬೈದರೆ ಪ್ರಯೋಜನವಿಲ್ಲ. ಹಿಂದಿನ ಬಸ್ಸಿನ ಟೈಮಿಂಗ್ ಭಯದಲ್ಲಿ ನಿರ್ವಾಹಕ ಬೇಗ ಹತ್ತಿ ಎಂದು ಅವಸರಿಸುವಾಗ, ಮಂಡಿ ನೋವಿನವರಿಗೆ ನೆಲದಿಂದ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತುವುದೇ ಒಂದು ಸಾಹಸ. ಬಸ್ಸು ಅಂಚುಕಲ್ಲಿಗೆ ತಾಗಿ ನಿಂತರೆ ಅರ್ಧ ಮೆಟ್ಟಿಲು ಕಡಿಮೆಯಾಗುತ್ತದೆ. ಅದಕ್ಕಾಗಿ ಅಲ್ಲಿ ಕಾರು ನಿಂತಿರಬಾರದು, ಅಷ್ಟೇ.

ರಿಕ್ಷಾ ಪಾರ್ಕ್

ನಾನು ರಿಕ್ಷಾ ಓಡಿಸುವವನು. ಎಲ್ಲರೂ ರಸ್ತೆ ಹಂಚುವಾಗ ನಮ್ಮ ರಿಕ್ಷಾ ಪಾರ್ಕಿಗೆ ಗೆರೆ ಎಳೆಯುವುದನ್ನು ಮರೆಯುತ್ತಾರೆ. ಆಮೇಲೆ ನಾವು ಸಿಕ್ಕ ಕಡೆ ನಿಂತೆವೆಂದು ದಂಡ ಬೀಳುತ್ತದೆ. ಆಸ್ಪತ್ರೆಯ ಬಾಗಿಲು, ರೈಲು ನಿಲ್ದಾಣ, ಬಸ್ ನಿಲ್ದಾಣ, ಈ ಮೂರು ಕಡೆ ಹತ್ತು ಹತ್ತು ರಿಕ್ಷಾಗಳಿಗೆ ಸರಿಯಾದ ಜಾಗ ಗುರುತಿಸಿ ಕೊಟ್ಟರೆ ಸಿಗ್ನಲ್ ಬಳಿ ನಾವು ಸುತ್ತುವುದೇ ಇಲ್ಲ. ಇದಕ್ಕೆ ಬಣ್ಣದ ಒಂದು ಡಬ್ಬ ಸಾಕು.

ಬಾವುಟಗುಡ್ಡೆ ನಿವಾಸಿ

ಮುರಕಲ್ಲು ಸರ್, ತಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಪಟ್ಟಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಬಾಬತ್ತುಗಳಿಗೆ ಆದ್ಯತೆ ಕೊಡುವ ಬದಲು ಬೀದಿಗಳಿಗೆ ಆದ್ಯತೆ ಕೊಡಬೇಕು ಎಂಬ ಮಾತು ನನಗೆ ಮನದಟ್ಟಾಯಿತು. ದೀಪದ ವಿಷಯದಲ್ಲಿ ಅಕ್ಕನವರು ಹೇಳಿದ್ದೂ ನಿಜ. ನಡೆಯುವ ದಾರಿಯ ಬೆಳಕನ್ನು ಅಲಂಕಾರದೊಂದಿಗೆ ಸೇರಿಸಿದ್ದು ನನ್ನ ತಪ್ಪು.

ಈಗ ಅಂಗಡಿಯವರಿಗೆ. ತಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಒಂದು ಲೆಕ್ಕವನ್ನು ತಾವು ನೋಡಬೇಕು. ಕಾರು ನಿಲ್ಲಲು 5 ಮೀಟರ್ ಉದ್ದ, 2.5 ಮೀಟರ್ ಅಗಲ ಬೇಕು. 60 ಮೀಟರ್ ಉದ್ದದ ಅಂಗಡಿ ಸಾಲಿನ ಮುಂದೆ ಒಂದರ ಹಿಂದೊಂದು ನಿಲ್ಲಿಸಿದರೆ ಹೆಚ್ಚೆಂದರೆ 12 ಕಾರು. ಆ 12 ಕಾರುಗಳು ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರ ತನಕ ಅಲ್ಲೇ ಇದ್ದರೆ ದಿನಕ್ಕೆ 12 ಕಾರಿನ ಗಿರಾಕಿಗಳು. ಗಂಟೆಗೊಮ್ಮೆ ಬದಲಾದರೆ 130ರಷ್ಟು ಕಾರುಗಳಿಗೆ ಅದೇ ಜಾಗ ಸಾಕು. ಹಾಗಾದರೆ ಕೊರತೆ ಜಾಗದ್ದೋ, ಸರದಿಯದ್ದೋ? ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಜೀವನವಿಡೀ ಹೇಳಿದ್ದು ಇದನ್ನೇ: ರಸ್ತೆ ಬದಿಯ ಜಾಗಗಳಲ್ಲಿ ಏಳೆಂಟರಲ್ಲಿ ಒಂದು ಯಾವಾಗಲೂ ಖಾಲಿ ಸಿಗುವಂತೆ ಶುಲ್ಕ ನಿಗದಿ ಮಾಡಬೇಕು, ಬಂದ ಹಣವನ್ನು ಅದೇ ಬೀದಿಗೆ ಖರ್ಚು ಮಾಡಬೇಕು. ಬಹುಮಹಡಿ ಕಟ್ಟಡದ ಬಗ್ಗೆ ಹೆಚ್ಚು ಹೇಳಲಾರೆ. ಹಂಪನಕಟ್ಟೆಯ ಹಳೆಯ ಬಸ್ ನಿಲ್ದಾಣದ ಜಾಗದಲ್ಲಿ ಆ ಕೆಲಸ ಆರಂಭವಾದ ಮೇಲೆ ಎಷ್ಟು ಮಳೆಗಾಲಗಳು ಕಳೆದವೆಂಬುದನ್ನು ತಾವೂ ನೋಡಿದ್ದೀರಿ. ಅದು ಆಗಲಿ. ಆದರೆ ಅದು ಆಗುವ ತನಕ ಉಳಿದೆಲ್ಲವೂ ಕಾಯಬೇಕು ಎನ್ನಬೇಡಿ.

ಜಿ.ಎಚ್.ಎಸ್. ರಸ್ತೆಯ ಅಂಗಡಿ

ಲೆಕ್ಕ ಸರಿ ಇದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಯೋಚಿಸಿದೆ. ನಮ್ಮ ಸಾಲಿನ ಮುಂದೆ ಬೆಳಿಗ್ಗೆಯಿಂದ ನಿಲ್ಲುವ ವಾಹನಗಳಲ್ಲಿ ಹೆಚ್ಚಿನವು ನಮ್ಮವೇ, ನಮ್ಮ ಕೆಲಸದವರವೇ. ನನ್ನ ಸ್ಕೂಟರೂ ಅಲ್ಲಿಯೇ ನಿಲ್ಲುತ್ತದೆ. ಇದನ್ನು ನಾನು ಮೊದಲೇ ಬರೆಯಬೇಕಿತ್ತು.

ಶುಲ್ಕಕ್ಕೆ ನನ್ನ ವಿರೋಧವಿಲ್ಲ, ಮೂರು ಷರತ್ತುಗಳಿವೆ. ವಾಣಿಜ್ಯ ಕಟ್ಟಡಗಳಲ್ಲಿ ಪಾರ್ಕಿಂಗ್‌ಗೆಂದು ನಕ್ಷೆಯಲ್ಲಿ ತೋರಿಸಿ ಆಮೇಲೆ ಗೋದಾಮೋ ಮಳಿಗೆಯೋ ಮಾಡಿಕೊಂಡ ನೆಲಮಾಳಿಗೆಗಳನ್ನು ಮೊದಲು ತೆರವು ಮಾಡಿಸಬೇಕು. ನಿಯಮ ಪಾಲಿಸಿದವನು ಮಾತ್ರ ಹಣ ಕಟ್ಟುವಂತಾಗಬಾರದು. ಎರಡನೆಯದಾಗಿ, ಸರಕು ಇಳಿಸುವುದಕ್ಕೆ ಬೆಳಿಗ್ಗೆ ಒಂದು ಹೊತ್ತು ಗೊತ್ತುಮಾಡಬೇಕು. ಬಂದರಿನ ಕಡೆಯ ಸಗಟು ಲಾರಿಗಳು ಹನ್ನೊಂದು ಗಂಟೆಗೆ ಬಂದು ಅಡ್ಡ ನಿಂತರೆ ಯಾವ ಗೆರೆ ಎಳೆದೂ ಫಲವಿಲ್ಲ. ಮೂರನೆಯದಾಗಿ, ಅರ್ಧ ಗಂಟೆಯೊಳಗೆ ಹೋಗುವ ದ್ವಿಚಕ್ರದವರಿಂದ ಏನನ್ನೂ ತೆಗೆದುಕೊಳ್ಳಬಾರದು. ದಿನದ ಸಣ್ಣ ವ್ಯಾಪಾರ ನಿಂತಿರುವುದು ಅವರ ಮೇಲೆ.

ಹೊಳೆದಾಸವಾಳ

ಮರದ ಮಾತು ಬಂದಾಗಲೆಲ್ಲ ಅದನ್ನು ಕೊನೆಗೆ ಇಡುವುದು ಏಕೆಂದು ನನಗೆ ಇಂದಿಗೂ ತಿಳಿದಿಲ್ಲ. ಫುಟ್‌ಪಾತಿಗೆ ಕಾಂಕ್ರೀಟ್ ಹಾಕುವ ದಿನವೇ ಮರಕ್ಕೆ ಬಾಯಿ ಬಿಡದಿದ್ದರೆ ಇನ್ನು ಮೂವತ್ತು ವರ್ಷ ಅಲ್ಲಿ ಮರ ಬರುವುದಿಲ್ಲ. ಗೋಡೆಗೆ ಬಣ್ಣವನ್ನು ಆಮೇಲೆ ಬಳಿಯಬಹುದು, ಬೇರಿಗೆ ಮಣ್ಣನ್ನು ಆಮೇಲೆ ಕೊಡಲಾಗುವುದಿಲ್ಲ. ಇಂಜಿನಿಯರ್ ಸಾಹೇಬರು ಆಳದಿಂದ ಮೇಲಕ್ಕೆ ಕೊಟ್ಟ ಕ್ರಮದಲ್ಲಿ ಬೇರಿನ ಹೆಸರಿಲ್ಲ. ಅದು ಕೂಡ ನೆಲದಡಿಯ ಸೌಕರ್ಯವೇ ಎಂದು ದಯವಿಟ್ಟು ಸೇರಿಸಿಕೊಳ್ಳಿ.

ಮುರಕಲ್ಲಿನ ನೆಲದಲ್ಲಿ ಒಂದಡಿ ಗುಂಡಿ ತೋಡಿ ನೆಟ್ಟ ಸಸಿ ಹೂದಾನಿಯಲ್ಲಿ ಇಟ್ಟಂತೆಯೇ. ಬೇರು ಕಲ್ಲಿಗೆ ತಾಗಿ ಸುತ್ತಿಕೊಳ್ಳುತ್ತದೆ, ಮೊದಲ ಜೋರು ಗಾಳಿಗೆ ಮರ ವಾಲುತ್ತದೆ, ಅಪಾಯವೆಂದು ಕಡಿಯುತ್ತಾರೆ. ಅಗಲವಾಗಿ, ಆಳವಾಗಿ ಕಲ್ಲು ಒಡೆದು, ಒಳ್ಳೆಯ ಮಣ್ಣು ತುಂಬಿಸಿ, ಚರಂಡಿಯ ಗೋಡೆಯಿಂದ ದೂರವಿಟ್ಟು ನೆಡಬೇಕು. ಜಾತಿಯ ಆಯ್ಕೆಯೂ ಮುಖ್ಯ. ಕಿರಿದಾದ ರಸ್ತೆಯಲ್ಲಿ ರೆಂಜೆ, ಹೊಳೆದಾಸವಾಳ, ಸುರಹೊನ್ನೆಯಂಥವು ಹೊಂದಿಕೊಳ್ಳುತ್ತವೆ. ಗಾಳಿಗೆ ರೆಂಬೆ ಮುರಿಯುವ ಮೃದು ಮರಗಳು ಕರಾವಳಿಯ ಮಳೆಗೆ ತಕ್ಕವಲ್ಲ. ಕುಂಡದಲ್ಲಿ ಇಟ್ಟ ಅಲಂಕಾರದ ತಾಳೆಗಳಿಂದ ಏಪ್ರಿಲ್ ಮಧ್ಯಾಹ್ನ ಯಾರಿಗೂ ಒಂದು ಮಾರು ನೆರಳು ಸಿಗುವುದಿಲ್ಲ. ಈಗಿರುವ ದೊಡ್ಡ ಮರಗಳನ್ನು ನಕ್ಷೆಯಲ್ಲಿ ಮೊದಲು ಗುರುತಿಸಿ, ಫುಟ್‌ಪಾತ್ ಅವುಗಳನ್ನು ಬಳಸಿ ಹೋಗುವಂತೆ ಗೆರೆ ಎಳೆಯಬೇಕು. 1976ರ ಮರ ಸಂರಕ್ಷಣಾ ಕಾಯ್ದೆ ಅನುಮತಿಯಿಲ್ಲದೆ ಕಡಿಯಬಾರದು ಎನ್ನುತ್ತದೆ, ಆದರೆ ಬುಡಕ್ಕೆ ಕತ್ತಿನವರೆಗೂ ಕಾಂಕ್ರೀಟ್ ಸುರಿದು ನಿಧಾನವಾಗಿ ಸಾಯಿಸಿದರೆ ಕೇಳುವವರಾರು?

ಹಳೆಯ ಪೇಟೆಗೆ ಮಳೆಯಿಂದಲೂ ಆಸರೆ ಬೇಕು. ಹಿಂದಿನ ಅಂಗಡಿಗಳಿಗೆ ಹಂಚಿನ ಇಳಿಮಾಡು ಇರುತ್ತಿತ್ತು, ಜನ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಅದರಡಿಯಲ್ಲೇ ಹೋಗುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಆರಂಭಿಸಿದ ಊರು ಇದು. ರಥಬೀದಿಯಂಥ ಕಡೆ ಮುಂಭಾಗದ ಇಳಿಮಾಡನ್ನು ಉಳಿಸಿಕೊಳ್ಳುವ, ಹೊಸದಾಗಿ ಕಟ್ಟುವ ಕಟ್ಟಡಗಳಿಗೆ ನಿಯಮ ಸಡಿಲಿಸಿದರೆ ತಪ್ಪೇನು?

ರಥಬೀದಿ, ಉಡುಪಿ

ನೆರೆ ಜಿಲ್ಲೆಯಿಂದ ಒಂದು ಅನುಭವ. ನಮ್ಮಲ್ಲಿ ಶ್ರೀಕೃಷ್ಣ ಮಠ, ಅನಂತೇಶ್ವರ, ಚಂದ್ರಮೌಳೀಶ್ವರ ದೇವಾಲಯಗಳು ಮತ್ತು ಅಷ್ಟಮಠಗಳ ನಡುವಿನ ರಥಬೀದಿಯಲ್ಲಿ ವಾಹನಗಳ ಓಡಾಟವನ್ನು ನಿರ್ಬಂಧಿಸಲಾಗಿದೆ. ಯಾತ್ರಿಕರ ವಾಹನಗಳು ರಾಜಾಂಗಣದ ಬಳಿಯ ಪಾರ್ಕಿಂಗ್‌ನಲ್ಲಿ ನಿಲ್ಲುತ್ತವೆ, ಜನ ಅಲ್ಲಿಂದ ನಡೆದು ಬರುತ್ತಾರೆ. ರಥಬೀದಿಯ ಅಂಗಡಿಗಳಲ್ಲಿ ವ್ಯಾಪಾರ ನಿಂತಿಲ್ಲ; ಮಕ್ಕಳನ್ನು ಕೈಬಿಟ್ಟು ನಡೆಯಬಹುದಾದ ಜಾಗದಲ್ಲಿ ಜನ ಹೆಚ್ಚು ಹೊತ್ತು ಇರುತ್ತಾರೆ.

ಆದರೆ ಇದನ್ನು ಹಾಗೆಯೇ ಮಂಗಳೂರಿಗೆ ಹೊಂದಿಸಲಾಗದು. ನಮ್ಮದು ದೇವರ ದರ್ಶನಕ್ಕೆ ಬಂದವರ ಬೀದಿ, ನಿಮ್ಮದು ಸಂತೆಯ ಬೀದಿ. ಜೊತೆಗೆ, ಒಂದು ಬೀದಿ ಶಾಂತವಾದಾಗ ಅದರ ಗದ್ದಲ ಪಕ್ಕಕ್ಕೆ ಸರಿಯುತ್ತದೆ. ಹಬ್ಬದ ದಿನಗಳಲ್ಲಿ ಕಲ್ಸಂಕ ವೃತ್ತದಲ್ಲಿ ಸಿಕ್ಕಿಹಾಕಿಕೊಂಡವರಿಗೆ ಅದು ಗೊತ್ತು. ಬೀದಿಯೊಂದನ್ನು ಮುಚ್ಚುವ ಮೊದಲು ಅಲ್ಲಿನ ವಾಹನ ಎಲ್ಲಿಗೆ ಹೋಗುತ್ತದೆಂಬುದನ್ನು ನೋಡಿಕೊಳ್ಳಿ.

ಎರಡನೇ ಪಾಳಿ

ಬೀದಿಬದಿಯ ವ್ಯಾಪಾರಿಗಳ ಹೆಸರು ಇಷ್ಟು ಹೊತ್ತು ಬರಲಿಲ್ಲ. ರೋಗಿಯ ಜೊತೆಗೆ ಬಂದವರಿಗೆ ಎಳನೀರು, ಬಾಳೆಹಣ್ಣು, ಒಂದು ತಟ್ಟೆ ಊಟ ಸಿಗುವುದು ಅವರಲ್ಲಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮಾಡಿ, ಗುರುತಿನ ಚೀಟಿ ಕೊಟ್ಟು, ವ್ಯಾಪಾರ ವಲಯ ಗುರುತಿಸಬೇಕು. ಅದಕ್ಕಾಗಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಫುಟ್‌ಪಾತ್ ಆದ ಮೇಲೆ ಅವರನ್ನು ಎಬ್ಬಿಸುವುದಲ್ಲ, ನಕ್ಷೆಯಲ್ಲೇ 1.8 ಮೀಟರ್ ನಡೆಯುವವರಿಗೆ ಬಿಟ್ಟು, ಅಂಚಿನ ಕಡೆ, ಮರದ ಸಾಲಿನ ನಡುವೆ ಅವರಿಗೆ ಜಾಗ ಕೊಡಬೇಕು. ರಾತ್ರಿ ಅವರ ದೀಪ ಇರುವ ತನಕ ನಮಗೆ ಹೆದರಿಕೆಯಿಲ್ಲ.

ಬಾವುಟಗುಡ್ಡೆ ನಿವಾಸಿ

ಇಷ್ಟನ್ನೂ ಓದಿದ ಮೇಲೆ ಮೊದಲು ಹಿಡಿಯಬೇಕಾದ ಬೀದಿ ಯಾವುದೆಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ: ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಲೇಡಿಗೋಷನ್ ಮುಂದಾಗಿ ಹಂಪನಕಟ್ಟೆ, ಅಲ್ಲಿಂದ ವೆನ್ಲಾಕ್ ಮತ್ತು ರೈಲು ನಿಲ್ದಾಣ. ಬಸ್ಸು, ರೈಲು, ಎರಡು ಆಸ್ಪತ್ರೆ, ಮಾರುಕಟ್ಟೆ, ಕಾಲೇಜು ಎಲ್ಲವನ್ನೂ ಹೊಲಿಯುವ ದಾರಿ ಅದೊಂದೇ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಹಿರಿಯರು ಹೇಳುತ್ತಾರೆ. ನಡೆದು ದಣಿದವರಿಂದ ಹೆಸರು ಪಡೆದ ಜಾಗದಲ್ಲಿ ನಡೆಯುವವರಿಗೆ ಮೊದಲ ಪಾಲು ಕೇಳುವುದು ಹೆಚ್ಚಲ್ಲ.

ಅಗೆಯುವ ಮೊದಲು ಸುಣ್ಣದ ಗೆರೆ ಎಳೆದು ಪ್ರಯೋಗ ಮಾಡೋಣ ಎಂಬುದು ನನ್ನ ಸಲಹೆ. ಮಳೆ ನಿಂತ ಮೇಲೆ ನಾಲ್ಕು ವಾರ ರಸ್ತೆಯ ಒಂದು ಬದಿಯಲ್ಲಿ ಫುಟ್‌ಪಾತಿನ ಹೊಸ ಅಂಚು, ಬಸ್ಸು ನಿಲ್ಲುವ ಜಾಗ, ರಿಕ್ಷಾ ಪಾರ್ಕ್, ಸರಕು ಇಳಿಸುವ ಜಾಗ, ಒಂದು ಗಂಟೆಯ ಪಾರ್ಕಿಂಗ್ ಇವೆಲ್ಲವನ್ನೂ ಗೆರೆ ಮತ್ತು ಕಂಬಗಳಿಂದಲೇ ತೋರಿಸಿ ನಡೆಸಿ ನೋಡಬಹುದು. ತಪ್ಪಿದರೆ ಗೆರೆ ಅಳಿಸಬಹುದು. ಕಾಂಕ್ರೀಟ್ ಅಳಿಸಲಾಗದು. ಈ ಮನವಿಯನ್ನು ಪಾಲಿಕೆಗೂ ಸಂಚಾರ ಪೊಲೀಸರಿಗೂ ಕೊಡಲು ನಮ್ಮ ಕೈಯಲ್ಲಿ ಒಂದು ಅಳತೆಯ ನಕ್ಷೆ ಇರಬೇಕು.

ಜಿ.ಎಚ್.ಎಸ್. ರಸ್ತೆಯ ಅಂಗಡಿ

ಪ್ರಯೋಗಕ್ಕೆ ನನ್ನ ಒಪ್ಪಿಗೆ ಇದೆ. ನಮ್ಮ ಸಾಲಿನ ಅಕ್ಕಪಕ್ಕದವರೊಡನೆ ಮಾತಾಡಿದೆ. ಕೆಲವರು ಒಪ್ಪಿದ್ದಾರೆ, ಕೆಲವರು ದೀಪಾವಳಿ ಕಳೆಯಲಿ ಎಂದಿದ್ದಾರೆ; ಅದು ನ್ಯಾಯವೇ. ನಾನಂತೂ ಸೋಮವಾರದಿಂದ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರುತ್ತೇನೆ. ಅಧ್ಯಾಪಕಿಯವರು ಹೇಳಿದ ಆ ಮೊದಲ ಮೆಟ್ಟಿಲು ಎಷ್ಟು ಎತ್ತರವೆಂದು ನನಗೂ ತಿಳಿಯಲಿ. ಅಳತೆಗೆ ಯಾರಾದರೂ ಬರುವುದಾದರೆ ಅಂಗಡಿಯಿಂದ ಇಬ್ಬರು ಹುಡುಗರನ್ನು ಕಳುಹಿಸುತ್ತೇನೆ.

ಮುರಕಲ್ಲು

30 ಮೀಟರಿನ ಟೇಪು ನನ್ನಲ್ಲಿದೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಗಡಿಯಾರ ಗೋಪುರದ ಬಳಿ ಇರುತ್ತೇನೆ, ಆಗ ಅಂಗಡಿಗಳು ತೆರೆದಿರುವುದಿಲ್ಲ, ವಾಹನವೂ ಕಡಿಮೆ. ಹುಡುಗರಿಗೆ ಒಂದು ಉದ್ದನೆಯ ಕೋಲು ತರಲು ಹೇಳಿ. ಚಪ್ಪಡಿ ತೆರೆದಿರುವ ಕಡೆಗಳಲ್ಲಿ ಚರಂಡಿಯ ಆಳ, ಹೂಳಿನ ಮಟ್ಟ ಎರಡನ್ನೂ ಬರೆದುಕೊಳ್ಳಬೇಕು. ಹೊಳೆದಾಸವಾಳದವರು ಬಂದರೆ ಮರಗಳ ಸುತ್ತಳತೆಯನ್ನು ಅವರೇ ತೆಗೆಯಲಿ, ಬೇರಿನ ವಿಷಯದಲ್ಲಿ ಅವರ ಆಕ್ಷೇಪವನ್ನು ಒಪ್ಪಿ ನನ್ನ ಕ್ರಮದಲ್ಲಿ ಸೇರಿಸಿದ್ದೇನೆ. ಮಳೆ ಬಂದರೂ ಬನ್ನಿ. ನೀರು ಎಲ್ಲಿ ನಿಲ್ಲುತ್ತದೆಂದು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗದು.